ಹನ್ನೆರಡನೇ ಕಂಬದ ಕುತ್ತಿಗೆ

ಕತ್ತಿನ ಹಿಂದೆ ಒಂದು ಹನಿ ಬಿತ್ತು, ತಣ್ಣಗೆ, ಒರೆಸಿ ನೋಡಿದರೆ ಬೆರಳಿಗೆ ಕೆಂಪು ಕೆಸರು, ರಕ್ತವಲ್ಲ, ಮಣ್ಣು, ಮೇಲಿನ ತೋಟದ ಮಣ್ಣು ಸ್ಲಾಬು ದಾಟಿ ಈ ಪಾರ್ಕಿಂಗಿಗೆ ಇಳಿದಿದೆ ಎಂದರೆ ಎಲ್ಲೋ ಬಾಯಿ ಬಿಟ್ಟಿದೆ, ಎಲ್ಲಿ — ಅವನು ತಲೆಯೆತ್ತಿದ. ಹನ್ನೆರಡನೇ ಕಂಬ ಸ್ಲಾಬನ್ನು ಮುಟ್ಟುವಲ್ಲಿ, ಕಂಬದ ಕುತ್ತಿಗೆಯ ಸುತ್ತ, ಕೂದಲೆಳೆಯಂಥ ಗೆರೆ, ಬೆಳಗ್ಗೆ ತಾನೇ ಅದರ ಎರಡೂ ತುದಿಗೆ ಸೀಮೆಸುಣ್ಣದ ಗುರುತು ಹಾಕಿದ್ದ, ಈಗ ಗೆರೆ ಗುರುತು ದಾಟಿ ಒಂದು ಗೇಣು ಹೋಗಿದೆ, ಇನ್ನು ನಾಲ್ಕು ಬೆರಳು ಹೋದರೆ ಸುತ್ತು ಪೂರ್ತಿ. ಆ ಗೆರೆಯ ಕೆಳಗೇ ಅಟ್ಟಣಿಗೆಯ ಮೇಲೆ, ಕಿವಿಗೆ ಮುಚ್ಚಳ ಹಾಕಿಕೊಂಡು, ಭುಜಕ್ಕೆ ಡ್ರಿಲ್ ಆನಿಸಿಕೊಂಡು ನಿಂತಿದ್ದಾನೆ ಭಾವ, ಅಕ್ಕನ ಗಂಡ, ಹನ್ನೊಂದು ವರ್ಷದ ಹಿಂದೆ ಈ ಕೆಲಸ ಕಲಿಸಿಕೊಟ್ಟವನು, ಡ್ರಿಲ್ಲನ್ನ ಮೆತ್ತಗೆ ಹಿಡೀಬೇಕು ಕಣೋ, ಹೆಂಡ್ತೀನ ಹಿಡಿದ ಹಾಗೆ ಹಿಡಿದ್ರೆ ಹಲ್ಲು ಮುರಿಯುತ್ತೆ, ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ, ಆ ನಗು ಈಗಲೂ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ. ಡ್ರಿಲ್ ಕಿರುಚುತ್ತದೆ, ಕಾಂಕ್ರೀಟು ಹಿಟ್ಟಾಗಿ ಸುರಿಯುತ್ತದೆ, ಓರೆಯಾಗಿ ಕೊರೆದ ಒಂದೊಂದು ತೂತಿಗೂ ಅಂಟು ತುಂಬಿ ಉಕ್ಕಿನ ಕಂಬಿ ಹೊಡೆದು ಕೂರಿಸಬೇಕು, ಕಂಬದ ಸುತ್ತ ಇಪ್ಪತ್ನಾಲ್ಕು, ಆಮೇಲೆ ಸ್ಲಾಬು ಕಂಬವನ್ನು ಬಿಟ್ಟು ಜಾರುವುದಿಲ್ಲ. ಆದರೆ ಮೊದಲು ಮೇಲಿನ ಮಣ್ಣು ತೆಗೆಯಬೇಕು, ಕೆಳಗೆ ಸ್ಲಾಬಿಗೆ ಆನಿಕೆಯಾಗಿ ಜಾಕಿ ಕೊಡಬೇಕು. ಹನ್ನೊಂದನೇ ಕಂಬಕ್ಕೆ ಎರಡೂ ಆಗಿದೆ, ಅದರ ಸುತ್ತ ಎಂಟು ಜಾಕಿ ಕಾಲೂರಿ ನಿಂತಿವೆ. ಇಲ್ಲಿಗೆ ಒಂದೂ ಬಂದಿಲ್ಲ. ಜಾಕಿ ಬರೋ ತನಕ ಕೈಕಟ್ಕೊಂಡು ಕೂರ್ಲಾ, ಏನಾದ್ರೂ ಆದ್ರೆ ನನ್ನ ತಲೆ ಮೇಲೆ ತಾನೇ ಬೀಳೋದು, ಹೆದರುಪುಕ್ಕಲ, ಹೋಗಿ ಮಣ್ಣು ನೋಡ್ಕೊಂಡು ಬಾ, ಎಂದು ಅಟ್ಟಿದವನೇ ಭಾವ. ಹೋದ, ನೋಡಿದ, ಹನ್ನೊಂದರ ಮೇಲಿಂದ ತೆಗೆದ ಮಣ್ಣನ್ನೆಲ್ಲ ಮಾಲಿ ಹನ್ನೆರಡರ ತಲೆಯ ಮೇಲೇ ಒಟ್ಟಿದ್ದಾನೆ, ಆಳೆತ್ತರದ ಗುಡ್ಡ, ಅದರ ಮೇಲೆ ಪೈಪು ಹಿಡಿದು ನೀರು ಬೇರೆ. ಲಿಫ್ಟು ಕೆಟ್ಟಿದೆ ಕಣಪ್ಪ, ಪಕ್ಕಕ್ಕೆ ಹಾಕದೆ ಆಕಾಶಕ್ಕೆ ಹಾಕ್ಲಾ, ಗುಲಾಬಿ ಬೇರು ಒಣಗಿದ್ರೆ ನೀನು ಬಂದು ಅಳ್ತೀಯಾ. ಪೈಪು ಕಿತ್ತೆಸೆದು ಮೆಟ್ಟಿಲಿಳಿದು ಓಡಿ ಬಂದಿದ್ದ, ಭಾವನಿಗೆ ಹೇಳಲೆಂದೇ ಓಡಿ ಬಂದಿದ್ದ, ಅಷ್ಟರಲ್ಲಿ ಹನಿ ಬಿತ್ತು, ಬಿದ್ದಮೇಲೆ ಯಾಕೆ ನಿಂತೆ, ಕಾಲು ಯಾಕೆ ನಿಂತಿತು.

ಇಂಜಿನಿಯರ್ ಮೇಡಂ ಮೊದಲ ದಿನ ಒದ್ದೆ ರಟ್ಟಿನ ಕೆಳಗೆ ಪೆನ್ಸಿಲ್ ನಿಲ್ಲಿಸಿ ಅಂಗೈಯಲ್ಲಿ ಅದುಮಿದ್ದರು, ಫಟ್, ಪೆನ್ಸಿಲ್ ಮೇಲೆ ಬಂತು, ರಟ್ಟು ಮೇಜಿನ ಮೇಲೆ, ನೋಡಿ, ಇದು ಬಾಗಿ ಬಾಗಿ ಎಚ್ಚರಿಸಿ ಬೀಳೋದಲ್ಲ, ಒಂದೇ ಏಟು. ಡ್ರಿಲ್ಲಿನ ಸದ್ದಲ್ಲಿ ಕೂಗು ಕೇಳಿಸುವುದಿಲ್ಲ, ಅದಕ್ಕೇ ಸುತ್ತಿಗೆಯ ಲೆಕ್ಕ, ಅಟ್ಟಣಿಗೆಯ ಕಾಲಿಗೆ ಹೊಡೆದರೆ ಮೇಲಿರುವವನ ಪಾದಕ್ಕೆ ತಿಳಿಯುತ್ತದೆ, ಒಂದು ಏಟಿಗೆ ಅಂಟು ತಂದೆ, ಎರಡಕ್ಕೆ ಕಂಬಿ ತಂದೆ, ಮೂರಕ್ಕೆ ಓಡು. ಸುತ್ತಿಗೆ ಬಲಗೈಯಲ್ಲಿದೆ. ಮೊನ್ನೆ ಅಕ್ಕ ಕುತ್ತಿಗೆಗೆ ಟವೆಲ್ ಸುತ್ತಿಕೊಂಡು ಬಾಗಿಲು ತೆಗೆದಳು, ನೆಗಡಿ ಕಣೋ ಎಂದಳು, ಬಗ್ಗಿ ನೀರಿನ ಲೋಟ ಇಡುವಾಗ ಟವೆಲ್ ಜಾರಿತು — ನಾಲ್ಕು ಈ ಕಡೆ, ಒಂದು ಆ ಕಡೆ, ನೀಲಿ, ಅಂಚಿಗೆ ಹಳದಿ, ಹೆಬ್ಬೆಟ್ಟಿನದು ಎಲ್ಲಕ್ಕಿಂತ ಕಪ್ಪು. ಇದೇನಕ್ಕ. ಏನಿಲ್ಲ, ನೀನು ಅವರ ಕೈಕೆಳಗೆ ಕೆಲಸ ಮಾಡೋನು, ಬಾಯಿ ಮುಚ್ಕೊಂಡಿರು, ನನ್ನಾಣೆ. ಸುತ್ತಿಗೆ ಎತ್ತಿ ಹೊಡೆದ, ಒಂದು, ಕಬ್ಬಿಣ ಠಣ್ಣೆಂದಿತು, ಮತ್ತೆ ಹೊಡೆದ, ಎರಡು, ತೋಳು ಮೂರನೆಯದಕ್ಕೆ ಮೇಲೆದ್ದಿತು, ಎದ್ದೇ ಇತ್ತು. ಮೂರನೆಯದು ಬೀಳದಿದ್ದರೆ ಯಾರಿಗೆ ಗೊತ್ತಾಗುತ್ತೆ, ಮಣ್ಣು ಒಟ್ಟಿದವನು ಮಾಲಿ, ಜಾಕಿಗೆ ಕಾಯಲ್ಲ ಎಂದವನು ಭಾವನೇ, ಟವೆಲ್ ಬಿಚ್ಚಿ ಒಣಗಲು ಹಾಕಕ್ಕ. ಡ್ರಿಲ್ ನಿಂತಿತು. ಮೇಲಿಂದ ಕೈ ಇಳಿಯಿತು, ಎರಡು ಏಟೆಂದರೆ ಕಂಬಿ, ಭಾವ ಕೆಳಗೆ ನೋಡಲಿಲ್ಲ, ಕೈಗವಸನ್ನು ಹಲ್ಲಲ್ಲಿ ಕಚ್ಚಿ ಕಳಚಿ, ಬರಿಗೈ ಚಾಚಿದ, ಅಂಗೈ ಮೇಲ್ಮುಖ, ನಾಲ್ಕು ಬೆರಳು, ಒಂದು ಹೆಬ್ಬೆರಳು, ಉಗುರಿನ ಸಂದಿಯಲ್ಲಿ ಬೂದು ಹಿಟ್ಟು, ತಾರೋ ಮೈದುನ, ನಿದ್ದೆ ಬಂತಾ. ಪಕ್ಕದಲ್ಲಿ ಕಂಬಿಗಳ ಕಟ್ಟು ಇದೆ, ಒಂದು ಎಳೆದು ಮಣಿಕಟ್ಟಿಗೆ ಬಾರಿಸು, ಮೊಣಕೈಗೆ ಬಾರಿಸು, ಒಂದೊಂದೇ ಬೆರಳನ್ನು ಇದೇ ಅಟ್ಟಣಿಗೆಯ ಹಲಗೆಗೆ ಇಟ್ಟು ಸುತ್ತಿಗೆಯಲ್ಲಿ — ಮೇಲೆ, ಸೀಮೆಸುಣ್ಣದ ಆಚೆ, ಗೆರೆ ನಡೆಯಿತು, ಕಣ್ಣೆದುರೇ, ಇರುವೆ ನಡೆದ ಹಾಗೆ, ನಾಲ್ಕು ಬೆರಳು, ಮೂರು, ಎರಡು. ಸುತ್ತಿಗೆ ಬಿದ್ದಿತು, ನೆಲಕ್ಕೆ, ಕೈ ಹೋಗಿ ಆ ಕೈಯನ್ನು ಹಿಡಿದಿತ್ತು, ಎಳೆದಿತ್ತು, ಕೆಡವಿ ಕೊಲ್ಲುವುದಕ್ಕೋ ಉಳಿಸುವುದಕ್ಕೋ ಕೈ ಹೇಳಲಿಲ್ಲ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಎಳೆದಿತ್ತು ಅಷ್ಟೆ. ಭಾವ ಡ್ರಿಲ್ ಸಮೇತ ಮಗುಚಿಕೊಂಡ, ಗದ್ದ ಹಲಗೆಗೆ ಬಡಿಯಿತು, ಹಲ್ಲು ಹಾರಿತು, ನೆಲಕ್ಕುರುಳಿದ, ನನ್ಮೇಲೇ ಕೈ ಮಾಡ್ತೀಯಾ ನಾಯಿ, ಬಿದ್ದಲ್ಲಿಂದಲೇ ಮುಷ್ಟಿ ಬಂತು, ಮೂಗಿನ ಮೇಲೆ, ಬಾಯಿಗೆ ಉಪ್ಪು, ಅವನು ಬಿಡಲಿಲ್ಲ, ಹನ್ನೊಂದರ ಜಾಕಿಗಳ ಕಡೆಗೆ ಹೆಣ ಎಳೆದ ಹಾಗೆ ದರದರನೆ ಎಳೆದ, ಒದೆಸಿಕೊಂಡು ಎಳೆದ, ಎಳೆಯುತ್ತಲೇ ಪಕ್ಕೆಗೆ ತಾನೂ ಒದ್ದ, ಇದು ಅಕ್ಕನಿಗೆ, ಇದೂ ಅಕ್ಕನಿಗೆ — ಫಟ್.

ಸದ್ದು ಒಂದೇ. ಆಮೇಲೆ ಗಾಳಿ, ಎದೆಗೆ ಗುದ್ದಿದ ಗಾಳಿ, ಹಿಟ್ಟು, ಹಸಿ ಮಣ್ಣಿನ ವಾಸನೆ, ಕಣ್ಣು ಬಿಟ್ಟಾಗ ಅಟ್ಟಣಿಗೆ ಇಲ್ಲ, ಸ್ಲಾಬು ನೆಲದಲ್ಲಿದೆ, ನಡುವೆ ಹನ್ನೆರಡನೇ ಕಂಬ ಒಂಟಿಯಾಗಿ, ಪೆನ್ಸಿಲ್ಲಿನ ಹಾಗೆ, ಆಕಾಶಕ್ಕೆ ತಲೆ ಕೊಟ್ಟು ನಿಂತಿದೆ. ಜಾಕಿಗಳು ನರಳಿದವು, ತಡೆದವು. ಭಾವ ಅದನ್ನು ನೋಡಿದ, ಇವನನ್ನು ನೋಡಿದ, ರಕ್ತದ ಬಾಯಲ್ಲಿ ಅಳತೊಡಗಿದ, ದೇವರು ಕಣೋ ನೀನು, ನನ್ನನ್ನ ಉಳಿಸಿದ್ಯಲ್ಲೋ, ಮನೆಗೆ ಹೋಗ್ಬೇಕು, ನಿಮ್ಮಕ್ಕನ್ನ ನೋಡ್ಬೇಕು, ಇವನ ಮಣಿಕಟ್ಟು ಬಿಡಲಿಲ್ಲ, ಓಡಿ ಬಂದವರು ಭಾವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಸಂಜೆ ಭಾವ ಮನೆಗೆ ಹೋಗುತ್ತಾನೆ, ಬಾಗಿಲು ತಟ್ಟುತ್ತಾನೆ, ಅಕ್ಕ ತೆಗೆಯುತ್ತಾಳೆ, ತಮ್ಮನೇ ಉಳಿಸಿ ಕಳಿಸಿದ ಕೈ ಅದು, ಅವಳಿಗೆ ಏನೆಂದು ಹೇಳಲಿ, ಯಾರೋ ನೀರು ಕೊಟ್ಟರು, ಲೋಟ ಹಿಡಿಯಲು ಕೈ ಎತ್ತಿದ, ಎತ್ತಿದ್ದು ಅಲ್ಲೇ ನಿಂತಿತು, ಮಣಿಕಟ್ಟಿನ ಮೇಲೆ ಆಗಲೇ ಮೂಡುತ್ತಿದೆ, ನಾಲ್ಕು ಈ ಕಡೆ, ಒಂದು ಆ ಕಡೆ, ನಾಲ್ಕು ಈ ಕಡೆ, ಹೆಬ್ಬೆಟ್ಟಿನದು ಎಲ್ಲಕ್ಕಿಂತ ಕಪ್ಪು.