ಕೂತು ಮಾಡುವ ಕೆಲಸ

ಬಸ್ ನಿಲ್ದಾಣದ ಮೂರನೇ ಕಿಟಕಿಯಲ್ಲಿ ಟಿಕೆಟ್ ಕೊಡುವಾಕೆಗೆ ಐವತ್ತೆಂಟು. ಮುಟ್ಟು ನಿಂತು ಆರು ವರ್ಷ. ಕೂತರೆ ಕೆಳಗೆ ಖಾರದಪುಡಿ ಎರಚಿದಂತೆ ಉರಿಯತೊಡಗಿ ನಾಲ್ಕು. ಒಮ್ಮೆ ಈ ಮಗ್ಗುಲಿಗೆ, ಒಮ್ಮೆ ಆ ಮಗ್ಗುಲಿಗೆ ವಾಲುತ್ತ ದಿನ ನೂಕುತ್ತಿದ್ದಳು. ಪಕ್ಕದ ಕಿಟಕಿಯವನು, "ಏನಕ್ಕ, ಕುರ್ಚಿಗೆ ಮುಳ್ಳು ಬಂದಿದೆಯಾ?" ಎಂದರೆ ನಕ್ಕು ಮುಂದಿನ ಟಿಕೆಟ್ ಹರಿಯುತ್ತಿದ್ದಳು.

ಮೊದಲ ಡಾಕ್ಟರು ನೋಡದೆಯೇ ಸೋಂಕು ಎಂದು ಮುಲಾಮು ಬರೆದರು. ಎರಡನೆಯವರು ಸಕ್ಕರೆ ಕಾಯಿಲೆಯೇನೋ ಎಂದು ರಕ್ತ ತೆಗೆಸಿದರು, ಇರಲಿಲ್ಲ. ಮೂರನೆಯವರು, "ಈ ವಯಸ್ಸಲ್ಲಿ ಇದ್ದದ್ದೇ, ಮನಸ್ಸಿಗೆ ಹಚ್ಕೋಬೇಡಿ" ಅಂದುಬಿಟ್ಟರು. ಕೊಳೆಯಿರಬೇಕು ಎಂದುಕೊಂಡು ಅವಳು ಸೋಪು ಹಾಕಿ ಉಜ್ಜಿದಳು. ಉರಿ ಹೆಚ್ಚಿತು. ಗಂಡ ಹತ್ತಿರ ಬಂದರೆ ಮೈ ಕಲ್ಲಾಗುತ್ತಿತ್ತು, ಕಾರಣ ಹೇಳಲು ಬಾಯಿ ಬರುತ್ತಿರಲಿಲ್ಲ. ಆತ ಹಾಲ್‌ನಲ್ಲಿ ಮಲಗತೊಡಗಿದ.

ಕೊನೆಗೆ ಅಕ್ಕನ ಮಗಳು, ನರ್ಸ್ ಆಗಿದ್ದವಳು, ಅವಳ ಒದ್ದಾಟ ಕಂಡು ಹಟ ಹಿಡಿದು ಇನ್ನೊಬ್ಬ ಡಾಕ್ಟರಮ್ಮನ ಬಳಿ ಕರೆದೊಯ್ದಳು. ಅವರು ಮೊದಲು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹತ್ತಿ ಸುತ್ತಿದ ಕಡ್ಡಿಯಿಂದ ಒಂದೊಂದೇ ಜಾಗವನ್ನು ಮೆಲ್ಲಗೆ ಮುಟ್ಟಿದರು.

"ಇಲ್ಲಿ?"

"ಇಲ್ಲ."

"ಇಲ್ಲಿ?"

ಅವಳು ಥಟ್ಟನೆ ಹಿಂದೆ ಸರಿದಳು, ಕಣ್ಣಲ್ಲಿ ನೀರು ಬಂತು.

"ನಿಮ್ಮ ನೋವು ನಿಜವಾದದ್ದೇ," ಎಂದರು ಡಾಕ್ಟರಮ್ಮ. "ಮುಟ್ಟು ನಿಂತ ಮೇಲೆ ಯೋನಿಯ ಸುತ್ತಲಿನ ಚರ್ಮ ಒಣಗಿ ತೆಳುವಾಗಿದೆ. ನರಗಳು ಕೆರಳಿವೆ. ನೋವಿಗೆ ಹೆದರಿ ಒಳಗಿನ ಸ್ನಾಯು ಬಿಗಿ ಹಿಡ್ಕೊಂಡಿದೆ. ಸೋಪು ಇವತ್ತೇ ನಿಲ್ಲಿಸಿ."

"ವಾಸಿ ಆಗತ್ತಾ?"

"ಕಡಿಮೆ ಆಗತ್ತೆ. ತಿಂಗಳುಗಟ್ಟಲೆ ಹಿಡಿಯತ್ತೆ. ಪೂರ್ತಿ ಹೋಗತ್ತೆ ಅಂತ ಸುಳ್ಳು ಹೇಳಲ್ಲ."

ಹಚ್ಚಲು ಹಾರ್ಮೋನ್ ಮುಲಾಮು, ನರಕ್ಕೊಂದು ಸಣ್ಣ ಮಾತ್ರೆ, ಸ್ನಾಯು ಸಡಿಲಿಸುವ ವ್ಯಾಯಾಮ. ಇಷ್ಟಕ್ಕೆ ನಾಲ್ಕು ವರ್ಷ ಬೇಕಾಯಿತಲ್ಲ ಎಂದು ಅವಳಿಗೆ ಸುಸ್ತಾಯಿತು. ಖುಷಿಪಡುವಷ್ಟು ತ್ರಾಣ ಉಳಿದಿರಲಿಲ್ಲ.

"ಸೀಟ್ ಖಾಲಿ ಇದೆ ಚಿಕ್ಕಮ್ಮ," ಎಂದಳು ಅಕ್ಕನ ಮಗಳು, ಮನೆಗೆ ಮರಳುವ ಬಸ್ಸಿನಲ್ಲಿ.

"ನಿಂತೇ ಇರ್ತೀನಿ ಬಿಡೇ."

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದಳು.

"ನಾನೇ ಬೇಡವಾದೆ ಅಂದ್ಕೊಂಡಿದ್ದೆ," ಎಂದ.

"ಹೇಳೋಕೆ ಆಗ್ಲಿಲ್ಲ ರೀ."

ಐದು ತಿಂಗಳಿಗೆ ಉರಿ ಅರ್ಧಕ್ಕಿಳಿಯಿತು. ಕೆಲವು ದಿನ ಹೇಳದೆ ಕೇಳದೆ ಮರಳುತ್ತಿತ್ತು. ಅಂಥ ದಿನ ನಿಂತು ಟಿಕೆಟ್ ಕೊಡಲು ಮೇಲಧಿಕಾರಿಯಿಂದ ಒಪ್ಪಿಗೆ ಪಡೆದಳು. ಒಂದು ಭಾನುವಾರ ಗಂಡ ಹೆಂಡತಿ ಇಬ್ಬರೂ ಟಿವಿಯಲ್ಲಿ ಸಿನಿಮಾ ನೋಡುತ್ತಿದ್ದಾಗ ಅವಳು ನಡುವೆ ಎದ್ದಳು.

"ಏನಾಯ್ತು?"

"ಉರೀತಿದೆ."

ಆತ ಸಿನಿಮಾ ನಿಲ್ಲಿಸಿ, ಅವಳು ಎರಡು ಸುತ್ತು ಓಡಾಡಿ ಬರುವವರೆಗೂ ಕಾದ.