ನಾಲಿಗೆಯಡಿಯ ಮಾತ್ರೆ

ನಮ್ಮ ಸೆರ್ಬಿಯಾದ ಹೆಂಗಸರ ಕೈಚೀಲದಲ್ಲಿ ಬಾಚಣಿಗೆ ಇಲ್ಲದಿದ್ದರೂ ನಡೆದೀತು, ನರ ತಣಿಸುವ ಮಾತ್ರೆ ಇಲ್ಲದೆ ನಡೆಯದು. ಮಗನ ಪರೀಕ್ಷೆಯೆಂದರೆ ಒಂದು, ಸೊಸೆ ಎದುರುತ್ತರ ಕೊಟ್ಟರೆ ಒಂದು. ಸಾವಿನ ಮನೆಗೆ ಹೊರಟಾಗ ಹೂವು ಮರೆತಾರು, ಇದನ್ನು ಮರೆಯುವುದಿಲ್ಲ. ಇದಕ್ಕೆ ಅವರು ಪ್ರೀತಿ ಎನ್ನುತ್ತಾರೆ. ನನಗೆ ಇದನ್ನು ಕಂಡರೆ ಹೇಸಿಗೆ.

ನನ್ನ ಭಾವ ವಿತೋಮಿರ್ ಸತ್ತದ್ದು ಬ್ರೆಡ್ ತರಲು ಹೊರಟು ಮೆಟ್ಟಿಲಿಳಿಯುವಾಗ. ಆಗಷ್ಟೇ ಅಕ್ಕ ಲ್ಯುಬಿಂಕಾ ಅವನೊಡನೆ ಜಗಳವಾಡಿ, "ಹೋಗು, ತಿರುಗಿ ಬರ್ಬೇಡ" ಎಂದಿದ್ದಳು. ಅವನು ಬರಲೇ ಇಲ್ಲ. ಆಮೇಲೆ ಅವಳಿಗೆ ಒಂದೇ ಹಟ.

"ಶವಪೆಟ್ಟಿಗೆ ಮುಚ್ಚೋ ಮುಂಚೆ ಕೊನೇ ಮುತ್ತು ಕೊಡ್ತೀವಲ್ಲ, ಆಗ ಅವನ ಕಿವೀಲಿ ತಪ್ಪಾಯ್ತು ಅನ್ಬೇಕು ಕಣೇ. ಅಷ್ಟು ಹೇಳ್ಬಿಟ್ರೆ ನಾನು ಬದುಕ್ತೀನಿ."

ಮಣ್ಣು ಮಾಡುವ ದಿನ ಬೆಳಿಗ್ಗೆ ಅವಳು ಅಳುತ್ತಿದ್ದಳು. ಅಷ್ಟೇ ಅವಳ ಅಪರಾಧ. ನಾನು ಅಡುಗೆಮನೆಯಲ್ಲಿ ಸತ್ತವರ ಹೆಸರಿನ ಗೋಧಿ ಬೇಯಿಸುತ್ತಿದ್ದೆ. ಪಕ್ಕದ ಮನೆಯ ಝಾಗೋರ್ಕಾ ಅಕ್ಕನನ್ನು ಮೂಲೆಗೆ ಕರೆದು, "ನಾಲಿಗೆ ಕೆಳಗೆ ಇಟ್ಕೋ ಲ್ಯುಬಾ, ಯಾರಿಗೂ ಹೇಳ್ಬೇಡ" ಎಂದಳಂತೆ. ಭಾವನ ತಂಗಿ ಬಚ್ಚಲ ಬಾಗಿಲಲ್ಲಿ ಇನ್ನೊಂದು ತುರುಕಿದಳು. ಮೇಲಿನ ಮಹಡಿಯ ಟೀಚರಮ್ಮ ಕಾಫಿಯ ಜೊತೆ ಕೊಟ್ಟಳು. ಗುಟ್ಟಾಗಿ ಕೊಡುವುದೇ ನಮ್ಮಲ್ಲಿ ಮರ್ಯಾದೆ, ಹಾಗಾಗಿ ಒಬ್ಬಳು ಕೊಟ್ಟದ್ದು ಇನ್ನೊಬ್ಬಳಿಗೆ ತಿಳಿಯಲಿಲ್ಲ. ಸಾಲದೆಂದು ಅಕ್ಕನ ಮೈದುನ, ಅಣ್ಣನ ಆತ್ಮಕ್ಕೆ ನೆಲದ ಮೇಲೆ ಹನಿ ಚೆಲ್ಲಿ, ಅವಳಿಗೂ ಪ್ಲಮ್ ಹಣ್ಣಿನ ಸಾರಾಯಿ ಕುಡಿಸಿದ.

ಸ್ಮಶಾನದ ಪ್ರಾರ್ಥನಾಮಂದಿರದಲ್ಲಿ ಅಕ್ಕ ನಗುತ್ತಿದ್ದಳು. ಜೊಲ್ಲು ಕಪ್ಪು ಸ್ಕಾರ್ಫಿನ ಮೇಲೆ ಇಳಿಯುತ್ತಿತ್ತು. "ಶೂ ಬಿಗಿ" ಎಂದು ತೊದಲಿ ಬೆಂಚಿನ ಮೇಲೆ ಕುಸಿದಳು. ಕೆನ್ನೆ ತಟ್ಟಿದೆ, ನೀರು ಎರಚಿದೆ.

"ಅಕ್ಕಾ, ಏಳೇ! ಪೆಟ್ಟಿಗೆ ಮುಚ್ತಾ ಇದಾರೆ!"

ಝಾಗೋರ್ಕಾ ನನ್ನ ಕೈ ಹಿಡಿದಳು. "ಬಿಡೇ, ಮಲಗ್ಲಿ ಪಾಪ. ಇದನ್ನೆಲ್ಲ ನೋಡ್ದೆ ಇರೋದೇ ಒಳ್ಳೇದು."

ಬಾಗಿಲಲ್ಲಿ ಇನ್ನೊಂದು ಹೆಣ ಕಾಯುತ್ತಿತ್ತು. ಪಾದ್ರಿ ತಲೆಯಾಡಿಸಿದರು, ಮುಚ್ಚಳ ಬಿತ್ತು. ತಿರುಗಿ ನೋಡಿದರೆ ಅಕ್ಕನ ತುಟಿ ನೀಲಿಗಟ್ಟಿದೆ, ಉಸಿರು ಇದೆಯೋ ಇಲ್ಲವೋ! ಭಾವನನ್ನು ಮಣ್ಣಿಗೆ ಒಯ್ದರು, ಅಕ್ಕನನ್ನು ಆಂಬುಲೆನ್ಸಿಗೆ.

"ಯಾರ್ರೀ ಕೊಟ್ಟಿದ್ದು? ಇಷ್ಟು ಮಾತ್ರೆ, ಮೇಲೆ ಸಾರಾಯಿ ಬೇರೆ! ಉಸಿರೇ ನಿಂತು ಹೋಗ್ತಿತ್ತು," ಎಂದು ಆಸ್ಪತ್ರೆಯಲ್ಲಿ ಡಾಕ್ಟರ್ ಕೂಗಾಡಿದರು.

"ನಾನು ಒಂದೇ ಕೊಟ್ಟಿದ್ದು," ಝಾಗೋರ್ಕಾ ಆಣೆಯಿಟ್ಟಳು.

"ನಾನೂ ಒಂದೇ," ಎಂದಳು ಭಾವನ ತಂಗಿ.

"ನಂದು ಬರೀ ಅರ್ಧ. ಅಷ್ಟನ್ನ ನಾನು ದಿನಾ ತಗೋತೀನಪ್ಪ," ಎಂದಳು ಟೀಚರಮ್ಮ.

ಥೂ! ಒಬ್ಬಳ ಮುಖದಲ್ಲೂ ನಾಚಿಕೆಯಿರಲಿಲ್ಲ.

ಮರುದಿನ ಅಕ್ಕ ಕಣ್ಣು ತೆರೆದಳು. "ಹೊತ್ತಾಯ್ತೇನೇ? ವಿತೋಮಿರ್‌ನ ಕರ್ಕೊಂಡ್ ಹೋಗೋ ಹೊತ್ತಲ್ವಾ?"

"ಎಲ್ಲಾ ಮುಗೀತು ಲ್ಯುಬಾ," ಝಾಗೋರ್ಕಾ ಮುಂದೆ ಬಾಗಿದಳು. "ನೀನೇ ಮುತ್ತು ಕೊಟ್ಟು ಕಳ್ಸಿದೆ. ಎಷ್ಟು ಗಟ್ಟಿಯಾಗಿ ನಿಂತಿದ್ದೆ ಗೊತ್ತಾ!"

ಅಕ್ಕ ನನ್ನತ್ತ ತಿರುಗಿದಳು. "ಹೌದೇನೇ? ತಪ್ಪಾಯ್ತು ಅಂತ ನಾನು ಅಂದೆನಾ?"

ಹೂಂ ಎಂದಿದ್ದರೆ ಅದೂ ಒಂದು ಮಾತ್ರೆಯೇ ಆಗುತ್ತಿತ್ತು.

"ಇಲ್ಲ ಅಕ್ಕಾ. ಅನ್ನಲಿಲ್ಲ. ನಿಂಗೆ ಎಚ್ಚರ ಇರ್ಲಿಲ್ಲ."

ಅವಳು ಎದೆ ಬಡಿದುಕೊಂಡು ಗೋಳೋ ಎಂದು ಅತ್ತಳು. ಝಾಗೋರ್ಕಾ ಗಾಬರಿಯಿಂದ, "ಸಿಸ್ಟರ್, ಇವಳಿಗೆ ಏನಾದ್ರೂ ಕೊಡಿ, ಬೇಗ!" ಎನ್ನುತ್ತಾ ಹೊರಗೆ ಓಡಿದಳು. ನಾನು ಅವಳ ಹಿಂದೆಯೇ ಬಾಗಿಲು ಮುಚ್ಚಿ, ಅದಕ್ಕೆ ಬೆನ್ನು ಒತ್ತಿ ನಿಂತುಕೊಂಡೆ.