ಮಾದೇಶನನ್ನು ಕೈಬಿಟ್ಟ ಸೀಸನ್

ನನ್ನ ಗಂಡನ ಫುಟ್‌ಬಾಲ್ ತಂಡದಿಂದ ನಾಯಕ ಮಾದೇಶನನ್ನು ತೆಗೆದುಹಾಕಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದವರೆಲ್ಲ ಅಯ್ಯೋ ಪಾಪ, ಫೋನ್ ಸಿಗ್ನಲ್ಲಿನ ತಪ್ಪು ಎನ್ನುತ್ತಾರೆ. ಸಿಗ್ನಲ್ಲಿಗೆ ಬೈಯುವುದು ಸುಲಭ. ನಾನೂ ಸ್ವಲ್ಪ ದಿನ ಅದನ್ನೇ ಬೈದುಕೊಂಡು ತಿರುಗಿದೆ.

ತಂಡ ಅಂದರೆ ನಿಜವಾದ ತಂಡವಲ್ಲ, ಲ್ಯಾಪ್‌ಟಾಪಿನೊಳಗಿನ ಆಟ. ಇಂಗ್ಲೆಂಡಿನ ಯಾವುದೋ ಮೂಲೆಯ ಐದನೇ ಡಿವಿಷನ್ ಕ್ಲಬ್ಬಿಗೆ ನೀವು ಮ್ಯಾನೇಜರು. ಆಡುವುದಲ್ಲ, ಆಡಿಸುವುದು. ಯಾರನ್ನು ಇಳಿಸಬೇಕು, ಯಾರನ್ನು ಕೂರಿಸಬೇಕು, ಯಾರ ಕಾಂಟ್ರಾಕ್ಟ್ ಮುಂದುವರಿಸಬೇಕು, ಎಲ್ಲ ನಿಮ್ಮ ತಲೆಗೆ. ಮ್ಯಾಚು ಶುರುವಾದರೆ ಹಸಿರು ಪರದೆಯ ಮೇಲೆ ಇಪ್ಪತ್ತೆರಡು ಚುಕ್ಕಿ ಓಡಾಡುತ್ತವೆ, ನೀವು ಉಗುರು ಕಚ್ಚುತ್ತ ನೋಡಬೇಕು. ಆಟಗಾರರ ಹೆಸರು ಬದಲಾಯಿಸಬಹುದು. ನನ್ನ ಗಂಡ ಶಿವಮಲ್ಲು ಆ ದೊರೆಗಳ ಹೆಸರನ್ನೆಲ್ಲ ಅಳಿಸಿ ತನ್ನವರನ್ನು ತುಂಬಿದ್ದ. ಗೋಲಿನಲ್ಲಿ ಅವನಪ್ಪ ಗುರುಮಲ್ಲಯ್ಯ. ಡಿಫೆನ್ಸಿನಲ್ಲಿ ಉಡಿಗಾಲದ ಚಿಕ್ಕಪ್ಪಂದಿರು. ನಟ್ಟನಡುವೆ, ತೋಳಿಗೆ ನಾಯಕನ ಪಟ್ಟಿ ಕಟ್ಟಿಕೊಂಡು, ಮಾದೇಶ. ನಿಜವಾದ ಮಾದೇಶ ಬಂಡೀಪುರದ ಕಾಡಿನ ಕ್ಯಾಂಪಿನಲ್ಲಿ ಇವನ ಜೊತೆಗಿರುವ ವಾಚರು, ಆನೆ ಕಾಣುವ ಮೊದಲೇ ಅದರ ವಾಸನೆ ಹಿಡಿಯುವವನು. ಇಪ್ಪತ್ತಮೂರು ಜನರಲ್ಲಿ ನನ್ನ ಕಡೆಯವರು ಒಬ್ಬರೂ ಇರಲಿಲ್ಲ. ಅದು ನನಗೆ ಮೊದಲ ದಿನವೇ ಚುಚ್ಚಿತ್ತು.

ಶಿವಮಲ್ಲು ಫಾರೆಸ್ಟ್ ಗಾರ್ಡು. ಇಪ್ಪತ್ತು ದಿನ ಕ್ಯಾಂಪು, ನಾಲ್ಕು ದಿನ ಚಾಮರಾಜನಗರದ ಬಾಡಿಗೆ ಮನೆ. ನಾನು ಬದನಗುಪ್ಪೆಯ ನೂಲಿನ ಕಾರ್ಖಾನೆಯಲ್ಲಿ ಕ್ವಾಲಿಟಿ ಸೆಕ್ಷನ್. ಮದುವೆಯಾಗಿ ಮೂರು ವರ್ಷವಾಯಿತು, ಕೂಡಿ ನೋಡಿದರೆ ಒಟ್ಟಿಗೆ ಇದ್ದದ್ದು ಆರು ತಿಂಗಳು. ಗುಂಡ್ಲುಪೇಟೆ ಕಾಲೇಜಿನಲ್ಲಿ ಇಬ್ಬರೂ ಒಂದೇ ಕ್ಲಾಸು, ಆದ್ದರಿಂದ ನಮ್ಮಲ್ಲಿ ರೀ ಗೀ ಇಲ್ಲ. ನನ್ನ ಅತ್ತೆ ಪುಟ್ಟಸಿದ್ದಮ್ಮ ಉಡಿಗಾಲದಿಂದ ಬಂದಾಗಲೆಲ್ಲ, "ಗಂಡುನ್ನ ನೀನು ತಾನು ಅಂತೀಯಲ್ಲಮ್ಮಿ, ನಾಕು ಜನ ಕೇಳುದ್ರೆ ಏನಂದಾರು?" ಎನ್ನುತ್ತಾರೆ. ಕೇಳಿಸಿಕೊಳ್ಳಲು ಆ ಮನೆಯಲ್ಲಿ ಎರಡನೆಯ ಜನವೇ ಇಲ್ಲ, ನಾಲ್ಕು ಎಲ್ಲಿಂದ ಬರಬೇಕು?

ಅವನಿಲ್ಲದ ಇಪ್ಪತ್ತು ದಿನ ನನ್ನ ಕೈಕಾಲು ನಿಲ್ಲುವುದಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತೇನೆ. ಬಾಗಿಲಿಗೆ ಹೋಗುತ್ತೇನೆ, ಬರುತ್ತೇನೆ, ಫೋನು ತೆಗೆದು ನೋಡಿ ಮಗುಚಿ ಇಡುತ್ತೇನೆ. ಹೀಗೆ ಒಂದು ಸಂಜೆ ಲ್ಯಾಪ್‌ಟಾಪ್ ತೆರೆದೆ. ಅವನ ಮೊದಲ ಸೀಸನ್ ಹದಿನೇಳನೇ ಸ್ಥಾನದಲ್ಲಿ ಮುಗಿದಿತ್ತು. ಎರಡನೆಯದು ಅರ್ಧಕ್ಕೆ ನಿಂತಿತ್ತು. ಸುಮ್ಮನೆ ಕಂಟಿನ್ಯೂ ಒತ್ತಿದೆ. ಒಂದು ಮ್ಯಾಚು ಸೋತೆ, ಮೈ ಉರಿಯಿತು, ಇನ್ನೊಂದು ಒತ್ತಿದೆ. ಊಟ ಮರೆತುಹೋಯಿತು. ಚಿಕ್ಕಪ್ಪಂದಿರಲ್ಲಿ ಇಬ್ಬರನ್ನು ಬೆಂಚಿಗೆ ಕೂರಿಸಿ, ಎಲ್ಲಿಂದಲೋ ಒಬ್ಬ ಹತ್ತೊಂಬತ್ತು ವರ್ಷದವನನ್ನು ತಂದು ನನ್ನ ತಮ್ಮ ಮೃತ್ಯುಂಜಯನ ಹೆಸರಿಟ್ಟು ಮುಂದೆ ನಿಲ್ಲಿಸಿದೆ. ನಾಲ್ಕನೇ ಸ್ಥಾನ ಬಂತು. ಫೋನಿನಲ್ಲಿ ಹೇಳಿದಾಗ ಶಿವಮಲ್ಲು, "ಚಿಕ್ಕಪ್ಪನ್ನ ಕೂರುಸ್ಬುಟ್ಯಾ?" ಎಂದ.

ಆಮೇಲೆ ಒಂದು ಒಪ್ಪಂದವಾಯಿತು. ಮ್ಯಾಚುಗಳು ನನ್ನವು, ಆಟಗಾರರನ್ನು ತರುವುದು ಕಳಿಸುವುದು ಅವನದು. ಕ್ಯಾಂಪಿನಲ್ಲಿ ಸಿಗ್ನಲ್ ಇಲ್ಲ. ವಾಚ್‌ಟವರ್ ಹತ್ತಿದರೆ ಮೇಲಿನ ಮೆಟ್ಟಿಲಲ್ಲಿ ಎರಡು ಮೂರು ನಿಮಿಷ ಸಿಗುತ್ತದೆ. ನಾಲ್ಕು ಗಂಟೆಗೆ ಅವನು ಹತ್ತುತ್ತಾನೆ, ನಾಲ್ಕು ಗಂಟೆಗೇ ನಮ್ಮ ಟೀ ಬ್ರೇಕು. ನಾನು ಪ್ರಶ್ನೆಗಳನ್ನು ಚೀಟಿಯಲ್ಲಿ ನಂಬರು ಹಾಕಿ ಬರೆದುಕೊಂಡು ಸೈಕಲ್ ಸ್ಟ್ಯಾಂಡಿನ ಪಕ್ಕ ನಿಲ್ಲುತ್ತಿದ್ದೆ. ಎಲ್ಲವನ್ನೂ ಒಂದೇ ಉಸಿರಿಗೆ ಓದುವುದು, ಅವನು ನಂಬರಿನ ಪ್ರಕಾರ ಉತ್ತರ ಕೊಡುವುದು. ಊಟ ಆಯಿತೇ, ಹೇಗಿದ್ದೀಯ ಎಂಬುದಕ್ಕೆಲ್ಲ ಆ ಚೀಟಿಯಲ್ಲಿ ಜಾಗವಿರಲಿಲ್ಲ. ಮೂರನೇ ಸೀಸನ್ನಿನಲ್ಲಿ ಮೇಲಿನ ಡಿವಿಷನ್ನಿಗೆ ಹೋದೆವು. ಅವತ್ತು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದ್ದೆ, ಎದುರು ಮನೆಯ ಹಫೀಜಾ ಆಂಟಿ ಗಾಬರಿಯಾಗಿ ಓಡಿ ಬಂದಿದ್ದರು.

ಅದೇ ಹೊತ್ತಿಗೆ ಇನ್ನೊಂದು ಸುದ್ದಿ ಬಂತು. ಮೂರು ವರ್ಷ ಕಾಡಿನಲ್ಲಿ ಇದ್ದವರು ಚಾಮರಾಜನಗರದ ಕಚೇರಿಗೆ ಕೋರಿಕೆ ವರ್ಗಾವಣೆ ಕೇಳಬಹುದು, ಈ ಸಲ ತಪ್ಪಿದರೆ ಮತ್ತೆ ಮೂರು ವರ್ಷ ಇಲ್ಲ. ನಾನೇ ಅರ್ಜಿ ತುಂಬಿ, ಅವನು ರಜೆಯಲ್ಲಿ ಬಂದಿದ್ದಾಗ ತಟ್ಟೆಯ ಪಕ್ಕ ಇಟ್ಟೆ. ಸಹಿ ಹಾಕಿದ. "ಯೋಚ್ನೆ ಮಾಡಿ ಯೋಳ್ತೀನಿ, ಅಲ್ಲೀಗಂಟ ಕೊಡ್ಬ್ಯಾಡ," ಎಂದು ಹೊರಟುಹೋದ. ಯೋಚನೆ! ಹೆಂಡತಿಯ ಜೊತೆ ಇರಲು ಯೋಚನೆ ಬೇಕೇ? ಅವನಿಗೆ ಕಾಡೆಂದರೆ ಜೀವ ಎಂಬುದು ನನಗೆ ಗೊತ್ತು. ಆದರೆ ನನಗೆ ಅವನು ಬೇಕಿತ್ತು, ದಿನಾ ಬೇಕಿತ್ತು. ಆ ಅರ್ಜಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಹತ್ತು ದಿನ ಕಾರ್ಖಾನೆಗೆ ಹೋಗಿ ಬಂದೆ.

ಕೊನೆಯ ದಿನ ಶುಕ್ರವಾರ. ಗುರುವಾರದ ಚೀಟಿಯಲ್ಲಿ ನಾಲ್ಕು ಪ್ರಶ್ನೆಗಳಿದ್ದವು. ಒಂದು, ಲೆಫ್ಟ್ ಬ್ಯಾಕ್ ಆಡುವ ಚಿಕ್ಕಪ್ಪನಿಗೆ ಕಾಲುನೋವು, ಹೊಸಬನನ್ನು ತರಲೇ? ಎರಡು, ಟ್ರೈನಿಂಗ್ ಜಾಸ್ತಿ ಮಾಡಲೇ? ಮೂರು, ಮಾದೇಶನಿಗೆ ಮೂವತ್ತನಾಲ್ಕು ತುಂಬಿತು, ಕಾಂಟ್ರಾಕ್ಟ್ ಮುಗಿಯುತ್ತಿದೆ, ಏನು ಮಾಡಲಿ? ನಾಲ್ಕು, ಅರ್ಜಿಗೆ ನಾಳೆ ಕೊನೆ, ಏನು ಮಾಡಲಿ? ನಾಲ್ಕನೆಯದನ್ನು ಆಟದ ಬಾಲಕ್ಕೆ ಕಟ್ಟಿದ್ದು ಬೇಕೆಂದೇ. ಅವನು ಬೇಡ ಎಂದರೂ ಅದು ಆಟದ ಮಾತಿನಷ್ಟೇ ಸಣ್ಣದಾಗಿ ಕೇಳಲಿ ಎಂದು.

"ಒಂದು, ಬ್ಯಾಡ. ಎಲ್ಡು, ಊಂ," ಎಂದ. ಆಮೇಲೆ ಗರಗರ ಸದ್ದು ಶುರುವಾಯಿತು. "ಮೂರು..." ಎಂದು ಏನೋ ಎಂದ, ಕೊನೆಗೆ "...ಬುಡು" ಎಂಬುದಷ್ಟೇ ಕೇಳಿತು. "ನಾಕು..." ಮತ್ತೆ ಗರಗರ. "...ಬುಡು." ಫೋನು ಕಟ್ಟಾಯಿತು. ಮಾದೇಶನನ್ನೂ ಬಿಡು, ಅರ್ಜಿಯನ್ನೂ ಬಿಡು.

ನಾನು ಚೀಟಿಯನ್ನು ಹರಿದು ಚೂರುಚೂರು ಮಾಡಿದೆ. ಅರ್ಜಿ ಕೊಡಲೆಂದು ಶುಕ್ರವಾರಕ್ಕೆ ಕೇಳಿಕೊಂಡಿದ್ದ ಅರ್ಧ ದಿನದ ರಜೆಯನ್ನು ಹೋಗಿ ಬೇಡವೆಂದೆ. ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಲ್ಯಾಪ್‌ಟಾಪ್ ತೆರೆದು ಮಾದೇಶನ ಪುಟಕ್ಕೆ ಹೋಗಿ ರಿಲೀಸ್ ಒತ್ತಿದೆ. ಖಚಿತವೇ ಎಂದು ಆಟ ಕೇಳಿತು. ಖಚಿತ ಎಂದು ಒತ್ತಿದೆ. ಅವನಿಗೆ ಬೇಕಾದ ಕಾಡು, ಅವನಿಗೆ ಬೇಕಾದ ಮಾದೇಶ, ಅಲ್ಲೇ ಇಟ್ಟುಕೊಳ್ಳಲಿ. ನನ್ನ ಮನೆಯಲ್ಲಿ ಬೇಡ. ಸುಳ್ಳೇಕೆ ಹೇಳಲಿ, ಒತ್ತುವಾಗ ಖುಷಿಯಾಯಿತು.

ಶುಕ್ರವಾರ ನಾಲ್ಕು ಗಂಟೆಗೆ ಅವನೇ ಫೋನು ಮಾಡಿದ. ಸಿಗ್ನಲ್ ಚೆನ್ನಾಗಿತ್ತು. "ಎಲ್ಲಾ ಆಯ್ತಾ?" ಎಂದ. "ಆಯ್ತು," ಎಂದೆ, ಬಿಗಿಯಾಗಿಯೇ. ಲೆಫ್ಟ್ ಬ್ಯಾಕಿನ ಕಾಲುನೋವಿನ ಬಗ್ಗೆ ಎರಡು ಮಾತಾಡಿದೆವು.

ಮುಂದಿನ ದಿನಗಳಲ್ಲಿ ಹೊಸ ಸೀಸನ್ ಶುರುಮಾಡಿದೆ, ಅದು ಹಳ್ಳ ಹಿಡಿಯಿತು. ಹನ್ನೊಂದು ಮ್ಯಾಚಿನಲ್ಲಿ ಒಂಬತ್ತು ಸೋತೆವು. ಮಾದೇಶ ಪಕ್ಕದ ಊರಿನ ಕ್ಲಬ್ಬಿಗೆ ಸೇರಿಕೊಂಡು ನಮ್ಮ ಮೇಲೆಯೇ ಆಡಲು ಬಂದ. ಮೂವತ್ತೈದರ ಆ ಮುದುಕ, ಗೋಲಿನಲ್ಲಿದ್ದ ನಮ್ಮ ಮಾವನವರಿಗೆ ಎರಡು ಗೋಲು ಹೊಡೆದ. ತಂಡದ ಹುಡುಗರಿಗೆಲ್ಲ ಬೇಜಾರು, ನಾಯಕನನ್ನು ಯಾಕೆ ಕಳಿಸಿದಿರಿ ಎಂದು ಆಟದೊಳಗಿಂದ ದೂರು ಬಂತು. ಮೃತ್ಯುಂಜಯನೂ ಆ ಗುಂಪಿಗೆ ಸೇರಿದ್ದ. ನಾನು ಬಿಡದೆ ಕಂಟಿನ್ಯೂ ಒತ್ತುತ್ತಲೇ ಇದ್ದೆ, ಸೋಲುವುದಕ್ಕೇ ಕೂತವಳ ಹಾಗೆ. ಸೋತ ಮೇಲೆ ಎದ್ದು ಅಡುಗೆಮನೆಗೆ ಹೋಗಿ ನಿಲ್ಲುವುದು, ಏಕೆ ಹೋದೆನೆಂದು ಮರೆತು ವಾಪಸು ಬರುವುದು.

ಅರ್ಜಿಯ ದಿನ ಕಳೆದು ಒಂಬತ್ತು ದಿನಕ್ಕೆ, ಒಂದು ಭಾನುವಾರ ಮಧ್ಯಾಹ್ನ, ಶಿವಮಲ್ಲು ಬಂದ. ಯಾವಾಗಲೂ ಹೆಗಲಿಗೆ ಒಂದು ಬ್ಯಾಗು. ಈ ಸಲ ಆಟೋದಿಂದ ಕಬ್ಬಿಣದ ಟ್ರಂಕೂ ಇಳಿಯಿತು.

"ಏನಿದು ಇಷ್ಟೊಂದು?"

"ಆಮ್ಯಾಕೆ ಯೋಳ್ತೀನಿ. ಮೊದ್ಲು ತಂಡ ತೋರ್ಸಮ್ಮಿ," ಎಂದು ಚಾಪೆಯ ಮೇಲೆ ಕೂತ. ಮುಖದಲ್ಲಿ ಒಂದು ತರಹದ ಕಳೆಯಿತ್ತು. ಅದು ಯಾಕೆಂದು ತಿಳಿಯದೆ ನನಗೆ ಇನ್ನಷ್ಟು ಸಿಟ್ಟು ಬಂತು. ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದ. ಮತ್ತೆ ಕೆಳಗಿಂದ ಮೇಲೆ ನೋಡಿದ.

"ಮಾದೇಶ ಎಲ್ಲಮ್ಮಿ?"

"ನೀನೇ ಬುಡು ಅಂದ್ಯಲ್ಲ."

"ನಾನ್ಯಾವಾಗಂದೆ? ಸೈನ್ ಮಾಡಿಸ್ಬುಡು ಅಂದೆ ಕಣಮ್ಮಿ. ಇನ್ನೊಂದೆಲ್ಡು ವರ್ಸಕ್ಕೆ ಮಾಡಿಸ್ಬುಡು ಅಂದೆ."

"ನಂಗೆ ಬುಡು ಅನ್ನೋದಷ್ಟೇ ಕೇಳುಸ್ತು."

ಅವನು ನಕ್ಕುಬಿಟ್ಟ. ನಮ್ಮ ಕಡೆ ಯಾವ ಮಾತಿನ ಬಾಲಕ್ಕೂ ಬುಡು ಇರುತ್ತದೆ. ತಿಂದ್ಬುಡು, ಕೊಟ್ಬುಡು, ಮಲೀಕಬುಡು. ತಲೆ ಕೇಳಿಸದೆ ಬಾಲವಷ್ಟೇ ಉಳಿದರೆ ಕೊಡು ಎಂದದ್ದೂ ಬೇಡ ಎಂದಾಗುತ್ತದೆ. "ಓಗ್ಲಿ ಬುಡು, ಅಳೇ ಸೇವ್ ಅದಲ್ಲ, ಅಲ್ಲಿಂದ ತಿರ್ಗಾ ಆಡನ," ಎಂದು ಇನ್ನೂ ನಗುತ್ತಿದ್ದ. ನನಗೆ ಮಾತ್ರ ಚೀಟಿಯ ನಾಲ್ಕನೇ ನಂಬರು ನೆನಪಾಯಿತು.

"ನಾಕನೇದುಕ್ಕೆ ಏನಂದೆ?" ಎಂದೆ.

"ಯಾವ್ದು ನಾಕನೇದು?"

"ಅರ್ಜಿ."

"ಆಕ್ಬುಡು ಅಂದೆ." ಟ್ರಂಕಿನ ಕಡೆ ಕೈ ತೋರಿಸಿದ. "ಇನ್ನೇನು ಆರ್ಡರ್ ಬಂದೇ ಬತ್ತದೆ ಅಂತ ಸಾಮಾನೆಲ್ಲ ತಂದ್ಬುಟ್ಟೆ. ಮಂಚಾನ ಮಾದೇಶಂಗೆ ಕೊಟ್ಟೆ. ಅವನು ಒಂದಿನ ಮಾತಾಡ್ನಿಲ್ಲ ಕಣಮ್ಮಿ, ಅನ್ನಾನೂ ಉಣ್ಣಲಿಲ್ಲ."

ಕಚೇರಿಯಲ್ಲಿ ಎಲ್ಲೋ ಕಳೆದುಹೋಗಿದೆಯಂತೆ ಎನ್ನಬಹುದಿತ್ತು. ಸರ್ಕಾರಿ ಕಚೇರಿಯಲ್ಲಿ ಕಾಗದ ಕಳೆದಿದೆ ಎಂದರೆ ಯಾರು ನಂಬುವುದಿಲ್ಲ? ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು. ನಾನು ಎದ್ದು ಬ್ಯಾಗಿನಿಂದ ಅರ್ಜಿ ತೆಗೆದು ಅವನ ಮುಂದೆ ಇಟ್ಟೆ. ಒಂಬತ್ತು ದಿನ ಹೆಚ್ಚಿಗೆ ಸುತ್ತಿ ಅದರ ಮಡಿಕೆಗಳು ಹರಿಯಲು ಬಂದಿದ್ದವು.

ಅವನು ಅದನ್ನು ಓದಿದ, ತನ್ನ ಸಹಿಯವರೆಗೂ. ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ.

"ಕೇಳುಸ್ನಿಲ್ಲ ಅಂದ್ರೆ ತಿರ್ಗಾ ಕೇಳ್ಬೇಕಲ್ವಾ?" ಎಂದ. "ಮಾರ್ನೆ ದಿನ ನಾನೇ ಫೋನ್ ಮಾಡಿದ್ನಲ್ಲ. ಚೆಂದಾಗಿ ಕೇಳುಸ್ತಿತ್ತಲ್ಲ. ಲೆಫ್ಟ್ ಬ್ಯಾಕ್ ಕಾಲ್ನೋವು ಕೇಳ್ದೆ. ಇದುನ್ನ ಯಾಕ್ ಕೇಳ್ನಿಲ್ಲ?"

ಆ ಶುಕ್ರವಾರ ಅವನು ಫೋನು ಮಾಡಿದಾಗ ಗಂಟೆ ನಾಲ್ಕು. ಕಚೇರಿ ಮುಚ್ಚುವುದು ಐದೂವರೆಗೆ. ಬದನಗುಪ್ಪೆಯಿಂದ ಅರ್ಧ ಗಂಟೆಯ ದಾರಿ, ಕಾಗದ ಬ್ಯಾಗಿನಲ್ಲಿತ್ತು. ಇದನ್ನೆಲ್ಲ ಅವನು ಹೇಳಲಿಲ್ಲ, ನನಗೆ ನಾನೇ ಹೇಳಿಕೊಂಡೆ.

"ಇನ್ನೊಂದ್ಸಲ ಬೇಡ ಅನ್ನಿಸ್ಕೊಳಕ್ಕೆ ನಂಗಾಗ್ಲಿಲ್ಲ," ಎಂದೆ. "ಮೂರು ವರ್ಷದಲ್ಲಿ ಒಂದಿನಾನೂ ನೀನು ಬತ್ತೀನಿ ಅಂದಿಲ್ಲ."

"ನೀನು ಒಂದಿನಾನೂ ಬಾ ಅಂದಿಲ್ಲ. ಅರ್ಜಿ ತಂದು ತಟ್ಟೆ ಪಕ್ಕ ಮಡುಗ್ದೆ. ಬಾಯಿ ಬುಟ್ಟು ಬಾ ಅಂದಿದ್ರೆ ಯೋಚ್ನೆ ಮಾಡ್ತೀನಿ ಅಂತಿದ್ನಾ?"

ನೂರು ಜಗಳ ನೆನಪಾದವು, ಅವುಗಳಲ್ಲಿ ಒಂದರಲ್ಲೂ ಆ ಮಾತು ಇರಲಿಲ್ಲ. ಎದ್ದು ಕಿಟಕಿಗೆ ಹೋದೆ, ವಾಪಸು ಬಂದು ಕೂತೆ, ಮತ್ತೆ ಎದ್ದೆ.

"ಕೂತ್ಕಮ್ಮಿ ಒಸಿ," ಎಂದ. ದನಿ ಇಳಿದಿತ್ತು. "ರೇಷನ್ ಜೀಪು ವಾರುಕ್ಕೆ ಎಲ್ಡು ಸಲ ಗುಂಡ್ಲುಪೇಟೆಗೆ ಬತ್ತದೆ. ಅಲ್ಲಿ ಮನೆ ಇದ್ದಿದ್ರೆ ವಾರುಕ್ಕೆ ಎಲ್ಡು ಸಲನಾದ್ರೂ ಮಕ ನೋಡ್ಬೋದಾಗಿತ್ತು. ನಿನ್ ಕೆಲ್ಸ ಬದನಗುಪ್ಪೇಲಿ, ಅಷ್ಟು ದೂರದಿಂದ ಓಗಿ ಬರಕಾದದಾ, ಕೇಳುದ್ರೆ ತಪ್ಪಾಯ್ತದೆ ಅಂತ ನಾನೂ ಸುಮ್ಕಿದ್ದೆ."

"ಬಸ್ಸದೆ," ಎಂದೆ. "ಆರೂಕಾಲಿಗೆ ಗುಂಡ್ಲುಪೇಟೆ ಬಿಡುತ್ತೆ. ಏಳೂವರೆಗೆ ಇಲ್ಲಿ. ಎಂಟೂಕಾಲಿನ ಕಂಪನಿ ಬಸ್ಸು ಸಿಗುತ್ತೆ."

ಅವನು ತಲೆಯೆತ್ತಿದ. "ಯಾವಾಗ ವಿಚಾರುಸ್ದೆ?"

ಈಗಲೂ ಸುಳ್ಳು ಹೇಳಬಹುದಿತ್ತು. ಹೋದ ವಾರ ಎಂದರೆ ಮುಗಿಯುತ್ತಿತ್ತು.

"ಮದ್ವೆ ಆದ ತಿಂಗ್ಳು," ಎಂದೆ. "ಅಲ್ಲಿಗೆ ಬರ್ತೀನಿ ಅಂತ ನಾನೇ ಮೊದ್ಲು ಹೇಳ್ಬೇಕಾ, ನೀನೇ ಕಾಡು ಬಿಟ್ಟು ಬರ್ಬೇಕು ಅಂತ ಇದ್ದೆ."

ಶಿವಮಲ್ಲು ನನ್ನನ್ನೇ ನೋಡಿದ. ಅಷ್ಟು ನೋವು ಆ ಮುಖದಲ್ಲಿ ನಾನು ಕಂಡಿರಲಿಲ್ಲ, ಕೊಟ್ಟವಳು ನಾನು. ಆಮೇಲೆ ಅರ್ಜಿಯನ್ನು ಹಳೆಯ ಮಡಿಕೆಗೇ ಮಡಚಿಟ್ಟು, "ನಾಳೆ ರಜ ಆಕು. ಗುಂಡ್ಲುಪೇಟೇಲಿ ಮನೆ ನೋಡ್ಕ ಬರನ," ಎಂದ. ಸಿಟ್ಟಿನಲ್ಲೇ ಎಂದ.

ನಾನು ಹೂಂ ಎಂದೆ. ಅಳು ಬಂದು ದನಿ ಸರಿಯಾಗಿ ಹೊರಟಿರಲಿಲ್ಲ. ಅವನಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಂದು ಸಲ ಹೂಂ ಎಂದೆ.